ನಿಮಗಿದು ಗೊತ್ತೇ? ಕಾಟು ಹೊಡೆದವರ ಕತೆಗಳು

‘ಎ ಫೇರ್‌ವೆಲ್ ಟು ಆರ್ಮ್ಸ್’ ಕಾದಂಬರಿಯ ಕೊನೆಯ ಪುಟವನ್ನು 39 ಸಲ ತಿದ್ದಿ ಬರೆದೆ ಎಂದು ಹೆಮಿಂಗ್ವೇ 1958ರಲ್ಲಿ ಅಚ್ಚಾದ ಸಂದರ್ಶನವೊಂದರಲ್ಲಿ ಹೇಳಿದ್ದ. ಬಡಾಯಿ ಅನ್ನಿಸುತ್ತದೆ ಅಲ್ಲವೇ? 2012ರಲ್ಲಿ ಅವನ ಕಾಗದಪತ್ರ ಕೆದಕಿ ಹೊಸ ಆವೃತ್ತಿ ತಂದಾಗ ಅದರಲ್ಲಿ ಅಚ್ಚಾದದ್ದು 47 ಮುಕ್ತಾಯಗಳು. ಆಸಾಮಿ ಕಡಿಮೆಯೇ ಹೇಳಿದ್ದ! ನಿಮ್ಮ ಕಾದಂಬರಿಯ ಕೊನೆ ಕೂಡಿಬರುತ್ತಿಲ್ಲವೆಂದು ಪೆನ್ನು ಕೆಳಗಿಡುವ ಮೊದಲು, ಈಗ ಬರೆಯುತ್ತಿರುವುದು ಎಷ್ಟನೆಯದು ಎಂದು ಎಣಿಸಿಕೊಳ್ಳಿ.

ಕತೆ ಬರೆದಾದ ಮೇಲೆ ಅದರ ಮೊದಲನ್ನೂ ಕೊನೆಯನ್ನೂ ಹೊಡೆದುಹಾಕಬೇಕು ಎಂಬುದು ಚೆಕಾಫ್ ಮಾತು. ಬುನಿನ್ ತನ್ನ ನೆನಪುಗಳಲ್ಲಿ ಇದನ್ನು ದಾಖಲಿಸಿದ್ದಾನೆ. ಕತೆಗಾರರು ಸುಳ್ಳು ಹೇಳುವುದು ಆ ಎರಡು ಕಡೆಗಳಲ್ಲೇ ಹೆಚ್ಚಂತೆ. ನಾಯಕ ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು ಬಸ್ಸು ಹತ್ತುವವರೆಗಿನ ಎರಡು ಪುಟ ನಿಮ್ಮ ಹಸ್ತಪ್ರತಿಯಲ್ಲೂ ಇರಬಹುದು. ಬಸ್ಸಿನಿಂದಲೇ ಶುರುಮಾಡಿ ನೋಡಿ.

ಅಮೆರಿಕದ ಎಲ್ಮೋರ್ ಲೆನರ್ಡ್ 2001ರಲ್ಲಿ ಬರೆಯುವವರಿಗೆ ಹತ್ತು ಸೂತ್ರ ಕೊಟ್ಟ. ಮೊದಲನೆಯದೇ, ಹವಾಮಾನದಿಂದ ಪುಸ್ತಕ ಆರಂಭಿಸಬೇಡಿ ಎಂಬುದು. ಆಗುಂಬೆಯ ಮಳೆಯಿಂದ ಶುರುವಾಗುವ ಕತೆ ಬರೆಯುವವರಿಗೆ ಇದು ಕಷ್ಟವೇ, ಒಪ್ಪುತ್ತೇನೆ. ಸಂಭಾಷಣೆಯ ಜೊತೆಗೆ ‘ಅಂದ’ ಎನ್ನುವುದರ ಹೊರತು ಬೇರೆ ಕ್ರಿಯಾಪದ ಬೇಡ ಎಂಬುದೂ ಅವನದೇ ಸೂತ್ರ. ನುಡಿದಳು, ಉಸುರಿದಳು, ಗುಡುಗಿದ, ಉದ್ಗರಿಸಿದ ಎಂದೆಲ್ಲ ಒಂದೇ ಪುಟದಲ್ಲಿ ಬಂದರೆ ಓದುವವರಿಗೆ ಪಾತ್ರಗಳ ಬದಲು ಬರೆದವರೇ ಕಾಣುತ್ತಾರೆ. ಮಾತಿನಲ್ಲೇ ಗುಡುಗಿದ್ದರೆ ಸಾಕಲ್ಲ.

ನೂರಾರು ಪುಸ್ತಕ ಬರೆದ ಜಾರ್ಜ್ ಸಿಮೆನಾನ್ ಚಿಕ್ಕ ವಯಸ್ಸಿನಲ್ಲಿ ತನ್ನ ಕತೆಗಳನ್ನು ಪ್ಯಾರಿಸ್ಸಿನ ಪತ್ರಿಕೆಯೊಂದಕ್ಕೆ ಒಯ್ಯುತ್ತಿದ್ದ. ಅಲ್ಲಿ ಕತೆ ಆರಿಸುತ್ತಿದ್ದವಳು ಪ್ರಸಿದ್ಧ ಲೇಖಕಿ ಕೊಲೆಟ್. ಸಾಹಿತ್ಯ ಜಾಸ್ತಿಯಾಯಿತು, ತೆಗೆದು ತಾ ಎಂಬ ಅರ್ಥದಲ್ಲಿ ಹೇಳಿ ವಾಪಸು ಕಳಿಸಿದಳು. ಆಮೇಲೆ ಜೀವಮಾನವಿಡೀ ಸಿಮೆನಾನ್ ತಿದ್ದುವಾಗ ಮಾಡಿದ್ದು ಅದೇ ಕೆಲಸ: ವಿಶೇಷಣ ಕಂಡರೆ ಕಾಟು, ಬರೀ ಚೆಂದಕ್ಕೆ ಕೂತ ವಾಕ್ಯ ಕಂಡರೆ ಕಾಟು. ನಿಮ್ಮ ಕರಡಿನಲ್ಲಿ ಮಂದಮಾರುತ ಎಷ್ಟು ಸಲ ಬೀಸಿದೆ?

‘ಮದಾಮ್ ಬೊವಾರಿ’ ಬರೆಯಲು ಫ್ಲೋಬೇರ್ ತೆಗೆದುಕೊಂಡದ್ದು ಸುಮಾರು ಐದು ವರ್ಷ. ಬರೆದ ವಾಕ್ಯಗಳನ್ನು ಅವನು ಗಂಟಲು ಹರಿಯುವಂತೆ ಕೂಗಿ ಓದುತ್ತಿದ್ದ. ಉಸಿರು ಎಲ್ಲಿ ಎಡವುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ ಎಂದು ಲೆಕ್ಕ. ಕನ್ನಡದಲ್ಲಿ ಬರೆಯುವವರಿಗೆ ಈ ಉಪಾಯ ಇನ್ನೂ ಹೆಚ್ಚು ಬೇಕು. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುವುದರಿಂದ ‘ಇತ್ತು, ಇತ್ತು, ಇತ್ತು’ ಎಂದು ಮೂರು ವಾಕ್ಯ ಸಾಲಾಗಿ ಮುಗಿದರೂ ಕಣ್ಣಿಗೆ ತಿಳಿಯುವುದಿಲ್ಲ, ಕಿವಿಗೆ ತಕ್ಷಣ ತಿಳಿಯುತ್ತದೆ. ನಾನು ಬಾಗಿಲು ಹಾಕಿಕೊಂಡೇ ಓದುತ್ತೇನೆ. ಆದರೂ ಮನೆಯವರು ಯಾರ ಮೇಲೆ ಕೂಗಾಡುತ್ತಿದ್ದೀರಿ ಎಂದು ಕೇಳುವುದುಂಟು.

ಆಂಥನಿ ಟ್ರಾಲಪ್ ಅಂಚೆ ಇಲಾಖೆಯ ನೌಕರ. ಬೆಳಗಿನ ಐದೂವರೆಗೇ ಮೇಜಿನ ಮುಂದೆ ಕೂತು, ಎದುರಿಗೆ ಗಡಿಯಾರ ಇಟ್ಟುಕೊಂಡು, ಕಾಲು ಗಂಟೆಗೆ 250 ಪದದಂತೆ ಬರೆಯುತ್ತಿದ್ದ. ಆಮೇಲೆ ಆಫೀಸು. ಹೀಗೆ ಬರೆದ ಕಾದಂಬರಿಗಳು 47. ಬಹಳ ಮಂದಿ ಗಡಿಯಾರವನ್ನಷ್ಟೇ ನೆನಪಿಡುತ್ತಾರೆ. ಕೂತ ಮೊದಲ ಅರ್ಧ ಗಂಟೆ ಅವನು ಹಿಂದಿನ ದಿನದ್ದನ್ನು ಓದಿಕೊಳ್ಳುತ್ತಿದ್ದ, ನನಗೆ ಗುಟ್ಟು ಅಲ್ಲೇ ಕಾಣುತ್ತದೆ. ಎಲ್ಲಿಗೆ ನಿಲ್ಲಿಸಿದ್ದೆ ಎಂದು ತಡಕಾಡುವ ಕೆಲಸವೇ ಇಲ್ಲ.

ಸ್ಟೀಫನ್ ಕಿಂಗ್ ಲೆಕ್ಕ ಇನ್ನೂ ಸರಳ: ಎರಡನೆಯ ಕರಡು ಎಂದರೆ ಮೊದಲನೆಯದರಲ್ಲಿ ನೂರಕ್ಕೆ ಹತ್ತು ಕಳೆದದ್ದು. ಮೊದಲ ಕರಡು ಮುಗಿದ ಮೇಲೆ ಕನಿಷ್ಠ ಆರು ವಾರ ಅದನ್ನು ಮುಟ್ಟಬಾರದು ಎಂದೂ ಹೇಳುತ್ತಾನೆ. ಉಪ್ಪಿನಕಾಯಿ ಜಾಡಿಯ ಬಾಯಿಗೆ ಬಟ್ಟೆ ಕಟ್ಟಿಟ್ಟಂತೆ. ಅಂದಹಾಗೆ, ಇವನ ಮೊದಲು ಅಚ್ಚಾದ ಕಾದಂಬರಿ ‘ಕ್ಯಾರಿ’ಯ ಆರಂಭದ ಹಾಳೆಗಳು ಕಸದ ಬುಟ್ಟಿಗೆ ಹೋಗಿದ್ದವು. ಹೆಕ್ಕಿ ತೆಗೆದು ಮುಂದುವರಿಸು ಎಂದವಳು ಹೆಂಡತಿ ಟ್ಯಾಬಿತಾ.

ವೋಡ್‌ಹೌಸ್ ಬರೆದ ಪುಟಗಳನ್ನು ಕೋಣೆಯ ಗೋಡೆಗೆ ಪಿನ್ನು ಚುಚ್ಚಿ ಅಂಟಿಸುತ್ತಿದ್ದ. ಪುಟ ಸುಧಾರಿಸಿದಷ್ಟೂ ಗೋಡೆಯಲ್ಲಿ ಮೇಲೇರುತ್ತಿತ್ತು. ಬಾಡಿಗೆ ಮನೆಯವರು ಹಗ್ಗ, ಕ್ಲಿಪ್ಪು ಬಳಸಿದರೆ ಓನರ್ ಜೊತೆ ಜಗಳ ತಪ್ಪೀತು.

ಈಗ ನಮ್ಮ ಕಡೆಯ ಒಂದು ಕತೆ. 1930ರಲ್ಲಿ ಬೆಂಗಳೂರಿನಲ್ಲಿ ಅಜ್ಜಿ ನೋಡಿಕೊಟ್ಟ ಒಳ್ಳೆಯ ದಿನದಂದು ಆರ್.ಕೆ. ನಾರಾಯಣ್ ಒಂದು ನೋಟುಬುಕ್ಕು ತಂದು ಕೂತರು. ಮಾಲ್ಗುಡಿಯ ಪುಟ್ಟ ರೈಲುನಿಲ್ದಾಣ ಅವರಿಗೆ ಕಂಡದ್ದು ಆಗ. ಮುಂದೆ ಹಸ್ತಪ್ರತಿ ಇಂಗ್ಲೆಂಡಿಗೆ ಹೋಯಿತು, ಪ್ರಕಾಶಕರು ಒಬ್ಬೊಬ್ಬರಾಗಿ ಬೇಡವೆಂದರು. ಬೇಸತ್ತ ನಾರಾಯಣ್, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಎಸೆದುಬಿಡು ಎಂದು ಅಲ್ಲಿದ್ದ ಗೆಳೆಯನಿಗೆ ಬರೆದರು. ಗೆಳೆಯ ಮಾತು ಕೇಳಲಿಲ್ಲ, ಗ್ರಹಾಂ ಗ್ರೀನ್ ಕೈಗೆ ಕೊಟ್ಟ. ಗ್ರೀನ್ ಪ್ರಕಾಶಕರನ್ನೂ ಹುಡುಕಿಕೊಟ್ಟ, ಹೆಸರನ್ನೂ ತಿದ್ದಿದ. ‘ಸ್ವಾಮಿ ದಿ ಟೇಟ್’ ಆಗಿದ್ದದ್ದು ‘ಸ್ವಾಮಿ ಅಂಡ್ ಫ್ರೆಂಡ್ಸ್’ ಆಗಿ 1935ರಲ್ಲಿ ಹೊರಬಂತು. ನಾರಾಯಣಸ್ವಾಮಿ ಎಂಬ ಲೇಖಕರ ಹೆಸರು ನಾರಾಯಣ್ ಎಂದು ಮೊಟಕಾದದ್ದೂ ಗ್ರೀನ್ ಸಲಹೆಯಿಂದಲೇ. ಹಸ್ತಪ್ರತಿಯನ್ನು ನಾವು ಹೇಳಿದಂತೆ ನೀರಿಗೆ ಹಾಕದ ಒಬ್ಬ ಗೆಳೆಯ ಬೇಕು. ಚೆನ್ನಾಗಿದೆ ಎಂದಷ್ಟೇ ಹೇಳುವ ಹತ್ತು ಮಂದಿ ಏಕೆ?

ಹಾರ್ಪರ್ ಲೀ 1957ರಲ್ಲಿ ಪ್ರಕಾಶಕರಿಗೆ ಕೊಟ್ಟ ಕಾದಂಬರಿಯಲ್ಲಿ ನಾಯಕಿ ದೊಡ್ಡವಳು, ಊರಿಗೆ ಮರಳಿ ಬರುತ್ತಾಳೆ. ಅದರೊಳಗಿನ ಬಾಲ್ಯದ ನೆನಪುಗಳೇ ಸಂಪಾದಕಿ ಟೇ ಹೊಹಾಫ್ ಕಣ್ಣಿಗೆ ಬಿದ್ದವು. ಹುಡುಗಿಯ ದನಿಯಲ್ಲೇ ಬರೆ ಎಂದಳು. ಲೀ ಎರಡು ವರ್ಷಕ್ಕೂ ಹೆಚ್ಚು ಕಾಲ ಕೂತು ಬರೆದಳು. 1960ರಲ್ಲಿ ಬಂದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಮರುವರ್ಷವೇ ಪುಲಿಟ್ಜರ್ ಗೆದ್ದಿತು. ಹಳೆಯ ಪ್ರತಿ ‘ಗೋ ಸೆಟ್ ಎ ವಾಚ್‌ಮನ್’ ಎಂಬ ಹೆಸರಿನಲ್ಲಿ 2015ರಲ್ಲಿ ಅಚ್ಚಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಬರವಣಿಗೆಯ ಯಾವ ಕಮ್ಮಟವೂ ಕಲಿಸದ್ದು ಸಿಗುತ್ತದೆ.

ಆದರೆ ಸಂಪಾದಕರ ಕತ್ತರಿಯೆಲ್ಲ ವರವಲ್ಲ. ರೇಮಂಡ್ ಕಾರ್ವರನ ಕೆಲವು ಕತೆಗಳನ್ನು ಗಾರ್ಡನ್ ಲಿಶ್ ಅರ್ಧಕ್ಕಿಂತ ಹೆಚ್ಚು ಕತ್ತರಿಸಿ 1981ರಲ್ಲಿ ಪ್ರಕಟಿಸಿದ. ಮೂಲ ರೂಪ ‘ಬಿಗಿನರ್ಸ್’ ಎಂದು 2009ರಲ್ಲಿ ಬಂತು. ಯಾವುದು ಮೇಲು ಎಂಬ ಜಗಳ ಇನ್ನೂ ಮುಗಿದಿಲ್ಲ. ನನ್ನ ಓಟು ಉದ್ದನೆಯದಕ್ಕೆ.

ಊರಿನ ಕತೆ ಬರೆಯಲು ಊರಲ್ಲೇ ಇರಬೇಕೇ? ಮಲೆನಾಡಿನ ಅಗ್ರಹಾರದ ‘ಸಂಸ್ಕಾರ’ವನ್ನು ಅನಂತಮೂರ್ತಿ ಬರೆದದ್ದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ, ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಸಿನಿಮಾ ನೋಡಿದ ಗುಂಗಿನಲ್ಲಿ. ವಯಸ್ಸಾಯಿತೇ? ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಲೆಕ್ಕ ನೀವೇ ಹಾಕಿ.

ಕೊನೆಗೊಂದು ಎಚ್ಚರಿಕೆ. 1936ರಲ್ಲಿ ಜಾನ್ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಹಸ್ತಪ್ರತಿಯ ಅರ್ಧದಷ್ಟನ್ನು ಅವನ ನಾಯಿಮರಿ ಟೋಬಿ ಹರಿದು ಚೂರು ಮಾಡಿತು. ಎರಡು ತಿಂಗಳ ಕೆಲಸ, ಇನ್ನೊಂದು ಪ್ರತಿ ಇಲ್ಲ. ಸಿಟ್ಟು ಬಂದರೂ ನಾಯಿಗೆ ಮಾಮೂಲಿ ಏಟಷ್ಟೇ ಕೊಟ್ಟನಂತೆ. ಪಾಪದ ಪ್ರಾಣಿ ವಿಮರ್ಶೆಗೆಂದೇ ಹಾಗೆ ಮಾಡಿರಬಹುದು ಎಂಬ ಅನುಮಾನ ಅವನಿಗಿತ್ತು. ಮತ್ತೆ ಕೂತು ಬರೆದ, ಪುಸ್ತಕ ಮರುವರ್ಷ ಬಂತು.