ಮೇದಾಮ್ಲವೂ ಜೀವಕೋಶದ ಮರಣವೂ

ಬಹುಕಾಲ ಇಟ್ಟ ಎಣ್ಣೆಯು ಕಮಟು ಹಿಡಿಯುವುದನ್ನು ಎಲ್ಲರೂ ಬಲ್ಲರು. ಗಾಳಿಯ ಆಮ್ಲಜನಕವು ಎಣ್ಣೆಯಲ್ಲಿರುವ ಮೇದಾಮ್ಲಗಳೊಡನೆ ಕೂಡಿ ಅವುಗಳನ್ನು ಕೆಡಿಸುವುದೇ ಇದಕ್ಕೆ ಕಾರಣ. ಇಂತಹುದೇ ಕ್ರಿಯೆಯು ನಮ್ಮ ಶರೀರದ ಜೀವಕೋಶದಲ್ಲಿ ಹಬ್ಬಿದರೆ ಆ ಕೋಶವು ಸಾಯುವುದು.

ಕೋಶದ ಮರಣವೆಲ್ಲವೂ ಕೇಡಲ್ಲ. ಗರ್ಭದಲ್ಲಿರುವ ಶಿಶುವಿನ ಬೆರಳುಗಳ ನಡುವಣ ಕೋಶಗಳು ಸಾಯುವುದರಿಂದಲೇ ಬೆರಳುಗಳು ಬಿಡಿಬಿಡಿಯಾಗುವುವು. ಹೀಗೆ ಒಳಗಿನ ಸಂಜ್ಞೆಯನ್ನನುಸರಿಸಿ ಕೋಶವು ಕ್ರಮವಾಗಿ ಅಳಿಯುವುದಕ್ಕೆ ಕೆರ್, ವೈಲಿ ಮತ್ತು ಕರ್ರಿ ಎಂಬ ವಿಜ್ಞಾನಿಗಳು ೧೯೭೨ರಲ್ಲಿ ‘ಅಪಾಪ್ಟೋಸಿಸ್’ ಎಂದು ಹೆಸರಿಟ್ಟರು. ಎಲೆ ಉದುರುವುದೆಂದು ಆ ಗ್ರೀಕ್ ಪದದ ಅರ್ಥ. ೨೦೧೨ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದ ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಅವರ ಸಹೋದ್ಯೋಗಿಗಳು ಬೇರೊಂದು ಬಗೆಯ ಮರಣವನ್ನು ಗುರುತಿಸಿ ‘ಫೆರಾಪ್ಟೋಸಿಸ್’ ಎಂದು ಕರೆದರು. ಲ್ಯಾಟಿನ್ ಭಾಷೆಯಲ್ಲಿ ‘ಫೆರಮ್’ ಎಂದರೆ ಕಬ್ಬಿಣ. ಕಬ್ಬಿಣವನ್ನು ಬಂಧಿಸುವ ವಸ್ತುವನ್ನು ಕೊಟ್ಟರೆ ಈ ಮರಣವು ತಪ್ಪುವುದು.

ಕೋಶದ ಪೊರೆಯ ಮುಖ್ಯ ಭಾಗ ಮೇದಸ್ಸು. ಅದರಲ್ಲಿರುವ ಮೇದಾಮ್ಲಗಳು ಇಂಗಾಲದ ಸರಪಣಿಗಳು. ಓಲಿಯಿಕ್ ಆಮ್ಲದಲ್ಲಿ ೧೮ ಇಂಗಾಲದ ಪರಮಾಣುಗಳೂ ಒಂದೇ ದ್ವಿಬಂಧವೂ ಇವೆ. ಅರಾಕಿಡೋನಿಕ್ ಆಮ್ಲದಲ್ಲಿ ೨೦ ಪರಮಾಣುಗಳೂ ೪ ದ್ವಿಬಂಧಗಳೂ ಇವೆ. ಇಂತಹ ಬಹು ದ್ವಿಬಂಧಗಳಿಂದ ಪೊರೆಯು ಮೃದುವಾಗುವುದು. ಆದರೆ ಆಮ್ಲಜನಕಕ್ಕೆ ಬೇಗನೆ ತುತ್ತಾಗುವುದೂ ಇಂತಹ ಆಮ್ಲವೇ. ಕೋಶದಲ್ಲಿ ಬಿಡಿಯಾಗಿರುವ ಕಬ್ಬಿಣವು ಇದಕ್ಕೆ ಕಿಡಿಯಾಗುವುದು. ಕೆಟ್ಟ ಒಂದು ಅಣು ಪಕ್ಕದ ಅಣುವನ್ನು ಕೆಡಿಸುವುದು. ಹುಲ್ಲಿನ ಬಣವೆಯಲ್ಲಿ ಬೆಂಕಿ ಹಬ್ಬುವಂತೆ ಕೇಡು ಹಬ್ಬಿ, ಕೊನೆಗೆ ಪೊರೆಯು ಹರಿಯುವುದು.

ಹಾಗಾದರೆ ನಮ್ಮ ಕೋಶಗಳು ಬದುಕಿರುವುದು ಹೇಗೆ? ಅವುಗಳಿಗೆ ಕಾವಲುಂಟು. ಸೆಲೆನಿಯಮ್ ಧಾತುವನ್ನೊಳಗೊಂಡ ಜಿ.ಪಿ.ಎಕ್ಸ್.೪ ಎಂಬ ಕಿಣ್ವವು ಕೆಟ್ಟ ಮೇದಸ್ಸನ್ನು ನಿರಪಾಯಗೊಳಿಸುವುದು. ‘ಇ’ ಜೀವಸತ್ತ್ವವು ಕೇಡು ಹಬ್ಬದಂತೆ ತಡೆಯುವುದು. ಎ.ಸಿ.ಎಸ್.ಎಲ್.೪ ಎಂಬ ಇನ್ನೊಂದು ಕಿಣ್ವದ ಕೆಲಸ ಬೇರೆ. ಅದು ಅರಾಕಿಡೋನಿಕ್ ಆಮ್ಲದಂತಹವನ್ನು ಪೊರೆಗೆ ಸೇರಲು ಅಣಿಗೊಳಿಸುವುದು. ಅದಿಲ್ಲದ ಕೋಶಗಳು ಈ ಮರಣವನ್ನು ಬಹುಮಟ್ಟಿಗೆ ಎದುರಿಸಬಲ್ಲವೆಂದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಆದುದರಿಂದ ಮೇದಸ್ಸು ಕೇವಲ ಶಕ್ತಿಯ ಸಂಗ್ರಹವಲ್ಲ. ಕೋಶದ ಅಳಿವು ಉಳಿವುಗಳಲ್ಲಿ ಅದಕ್ಕೂ ಪಾತ್ರವುಂಟು.

ಈ ಜ್ಞಾನದ ಪ್ರಯೋಜನವು ಎರಡು ಬಗೆಯದು. ತಡೆದ ರಕ್ತವು ಮರಳಿ ಹರಿದಾಗ ಹೃದಯದ ಮತ್ತು ಮೂತ್ರಪಿಂಡದ ಕೋಶಗಳು ಹೀಗೆ ಸಾಯುವುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. ಅಲ್ಲಿ ಕಿಡಿಯನ್ನು ಆರಿಸಬೇಕು. ಔಷಧಕ್ಕೆ ಜಗ್ಗದ ಕೆಲವು ಕ್ಯಾನ್ಸರ್ ಕೋಶಗಳು ಜಿ.ಪಿ.ಎಕ್ಸ್.೪ರ ಕಾವಲಿಲ್ಲದೆ ಬದುಕಲಾರವು. ಅಲ್ಲಿ ಅದನ್ನೇ ಹೊತ್ತಿಸಬೇಕು. ನೆರೆಯ ಆರೋಗ್ಯವಂತ ಕೋಶಗಳಿಗೆ ಹಾನಿಯಾಗದಂತೆ ಇದನ್ನು ಸಾಧಿಸುವುದೇ ಸಂಶೋಧಕರ ಮುಂದಿರುವ ಕಠಿಣ ಕಾರ್ಯ. ರಸಾಯನಶಾಸ್ತ್ರದ ಪಾಠದಲ್ಲಿ ದ್ವಿಬಂಧದ ಎರಡು ಗೆರೆಗಳನ್ನೆಳೆಯುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಮುಂದೆ ಈ ಕಾರ್ಯಕ್ಕೆ ಕೈಹಾಕಲಿ.