ವಿಮೋಚನೆ ಅಂದ್ರ ಏನ್ರಿ ಸರ್?

ಒಂಬತ್ತನೆಯ ತರಗತಿಯಲ್ಲಿ ದ್ರವ್ಯದ ಶುದ್ಧತೆಯ ಪಾಠ ಮುಗಿಸಿ ಕೈಗೆ ಹತ್ತಿದ ಸುಣ್ಣದ ಪುಡಿ ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಶುಭ ಶುಕ್ರವಾರದ ದಿನ ಗೆಳೆಯನ ಜತೆ ಚರ್ಚಿಗೆ ಹೋಗಿದ್ದನಂತೆ. "ಸರ್, ಅಲ್ಲಿ ಪಾಸ್ಟರ್ ಪರಿಶುದ್ಧತೆ, ವಿಮೋಚನೆ ಅಂತ ಭಾಳ ಸಲ ಅಂದ್ರು. ನೀವು ಹೇಳಿದ ಶುದ್ಧ ಅದೇ ಏನ್ರಿ? ಮತ್ತ ವಿಮೋಚನೆ ಅಂದ್ರ ಏನ್ರಿ? ಒಬ್ಬಾತ ಸತ್ರ ಇನ್ನೊಬ್ಬನ ಪಾಪ ಹೆಂಗ ಹೋಗ್ತದ?"

ಗಂಟೆ ಬಾರಿಸಿತು, ನಾನು ಪಾರಾದೆ. ಆದರೆ ಪ್ರಶ್ನೆ ಬೆನ್ನು ಬಿಡಲಿಲ್ಲ. ಮಂಠಾಳದ ಸುತ್ತಲಿನ ನಮಗೆ ಕ್ರೈಸ್ತರು ಹೊಸಬರಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ನಿಜಾಮರ ಆಳ್ವಿಕೆಯಲ್ಲಿಯೇ ಅಮೆರಿಕದ ಮೆಥೋಡಿಸ್ಟ್ ಮಿಶನ್ ಬೀದರಿಗೆ ಬಂತು. ಹುಮನಾಬಾದ, ಬೀದರ ಕಡೆಯ ಹಳ್ಳಿಗಳಲ್ಲಿ ಅದರ ಮಾತಿಗೆ ಕಿವಿಗೊಟ್ಟವರು ಹೆಚ್ಚಾಗಿ ಊರ ಹೊರಗಿನ ಕೇರಿಯವರು. ಅಕ್ಕಪಕ್ಕದಲ್ಲಿ ಬಾಳಿದರೂ ನೆರೆಯವರ ನಂಬಿಕೆಯ ಎರಡು ಮುಖ್ಯ ಮಾತುಗಳ ಅರ್ಥವನ್ನು ನಾವು ಕೇಳಿ ತಿಳಿದಿರುವುದಿಲ್ಲ. ರಜೆಯಲ್ಲಿ ಬೈಬಲ್ ತೆಗೆದುಕೊಂಡು ಕುಳಿತೆ.

ಮೊದಲಿಗೆ ಪರಿಶುದ್ಧತೆ. ಹೀಬ್ರೂ ಭಾಷೆಯಲ್ಲಿ ಇದಕ್ಕೆ 'ಕಾದೋಶ್' ಎಂಬ ಪದವಿದೆ. ದೇವರಿಗೆಂದು ಬೇರೆಯಾಗಿ ತೆಗೆದಿಟ್ಟದ್ದು ಎಂದು ಅದನ್ನು ಅರ್ಥೈಸುತ್ತಾರೆ. ಮೋಶೆಯ ನಿಯಮಗಳಲ್ಲಿ ಶುದ್ಧ-ಅಶುದ್ಧಗಳ ಲೆಕ್ಕ ಬಹಳ ಬಿಗಿ. ಹೆಣ ಮುಟ್ಟಿದವನು ಅಶುದ್ಧ, ಅವನು ಮುಟ್ಟಿದ್ದೂ ಅಶುದ್ಧ. ಪ್ರವಾದಿ ಹಗ್ಗಾಯನು ಯಾಜಕರಿಗೆ ಒಂದು ಪ್ರಶ್ನೆ ಹಾಕಿದ ಪ್ರಸಂಗವಿದೆ. ಪವಿತ್ರ ಮಾಂಸವನ್ನು ಸೆರಗಿನಲ್ಲಿ ಕಟ್ಟಿಕೊಂಡವನ ಬಟ್ಟೆ ರೊಟ್ಟಿಗೆ ತಾಗಿದರೆ ರೊಟ್ಟಿ ಪವಿತ್ರವಾಗುತ್ತದೆಯೇ? ಇಲ್ಲ ಎಂದರು. ಹೆಣ ಮುಟ್ಟಿದವನು ತಾಗಿದರೆ ರೊಟ್ಟಿ ಅಶುದ್ಧವೇ? ಹೌದು ಎಂದರು. ನಮ್ಮ ಪ್ರಯೋಗಶಾಲೆಯ ಅನುಭವವೂ ಇದೇ. ಒಂದು ಕೊಡ ಹಾಲನ್ನು ಕೆಡಿಸಲು ಒಂದು ಹನಿ ಸೀಮೆಎಣ್ಣೆ ಸಾಕು. ಕೊಡ ಸೀಮೆಎಣ್ಣೆಯನ್ನು ಒಂದು ಹನಿ ಹಾಲು ಏನೂ ಮಾಡಲಾರದು.

ಯೇಸುವಿನ ಕತೆಯಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿ ಕುಷ್ಠರೋಗಿಯೊಬ್ಬ ಬರುತ್ತಾನೆ. ಯೇಸು ಅವನನ್ನು ಕೈಚಾಚಿ ಮುಟ್ಟುತ್ತಾನೆ. ನಿಯಮದ ಪ್ರಕಾರ ಯೇಸು ಅಶುದ್ಧನಾಗಬೇಕಿತ್ತು. ಕತೆಯಲ್ಲಿ ರೋಗಿ ಶುದ್ಧನಾಗುತ್ತಾನೆ. ಐದನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಹೆಂಗಸು ಹಿಂದಿನಿಂದ ಬಂದು ಅವನ ಬಟ್ಟೆ ಮುಟ್ಟುತ್ತಾಳೆ. 'ಮುಟ್ಟು' ಎಂಬ ನಮ್ಮ ಒಂದೇ ಮಾತಿನಲ್ಲಿ ಎಷ್ಟು ಮಂದಿಯನ್ನು ಹೊರಗಿಟ್ಟಿದ್ದೇವೆ ಎಂದು ನೆನೆದರೆ, ಕೇರಿಯವರ ಕಿವಿಗೆ ಈ ಕತೆ ಹೇಗೆ ಬಿದ್ದಿರಬೇಕು ಎಂಬುದು ತಿಳಿಯುತ್ತದೆ. (ವಿಜ್ಞಾನದ ಮೇಷ್ಟ್ರಾಗಿ ಒಂದು ಮಾತು ಸೇರಿಸಲೇಬೇಕು. ಬೈಬಲಿನ 'ಕುಷ್ಠ' ಹಲವು ಚರ್ಮರೋಗಗಳಿಗೆ ಇದ್ದ ಹೆಸರು. ಇಂದು ನಾವು ಕುಷ್ಠ ಎನ್ನುವ ರೋಗದ ಬ್ಯಾಕ್ಟೀರಿಯವನ್ನು 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಕಂಡುಹಿಡಿದ. ಅದು ಸುಮ್ಮನೆ ಮುಟ್ಟಿದರೆ ಹರಡುವುದಿಲ್ಲ. ಔಷಧಿಯಿಂದ ಪೂರ್ಣ ಗುಣವಾಗುತ್ತದೆ.)

ಇನ್ನು ವಿಮೋಚನೆ. ಇದು ಸಂತೆಯಿಂದ, ಸಾಲದ ಖಾತೆಯಿಂದ ಬಂದ ಮಾತು. ಯಾಜಕಕಾಂಡದ ಇಪ್ಪತ್ತೈದನೆಯ ಅಧ್ಯಾಯ ಓದಿದರೆ ನಮ್ಮ ಊರಿನ ಚಾವಡಿಯಲ್ಲಿ ಕುಳಿತಂತಾಗುತ್ತದೆ. ಬಡತನದಿಂದ ಹೊಲ ಮಾರಿಕೊಂಡವನ ಹೊಲವನ್ನು ಹತ್ತಿರದ ನೆಂಟ ಹಣ ಕೊಟ್ಟು ಬಿಡಿಸಬೇಕು. ತನ್ನನ್ನೇ ಮಾರಿಕೊಂಡು ಜೀತಕ್ಕೆ ಬಿದ್ದವನನ್ನು ಅಣ್ಣತಮ್ಮನೋ ಚಿಕ್ಕಪ್ಪನೋ ಅವರ ಮಕ್ಕಳೋ ಬಿಡಿಸಬಹುದು. ಹೀಗೆ ಬಿಡಿಸುವ ನೆಂಟನಿಗೆ ಹೀಬ್ರೂವಿನಲ್ಲಿ 'ಗೋಏಲ್' ಎಂಬ ಹೆಸರು. ರೂತಳ ಕತೆಯ ಬೋವಜ ಅಂಥವನು. ಯೇಸುವಿನ ಮಾತೃಭಾಷೆ ಅರಾಮಿಕ್‌ನಲ್ಲಿ ಸಾಲಕ್ಕೂ ಪಾಪಕ್ಕೂ 'ಹೋಬಾ' ಎಂಬ ಒಂದೇ ಪದವಿತ್ತು. ಹಾಗಾಗಿ ಪಾಪಕ್ಕೆ ಸಿಕ್ಕಿದವನು ಅವರ ದೃಷ್ಟಿಯಲ್ಲಿ ಸಾಲಕ್ಕೆ ಸಿಕ್ಕಿದವನು. ಯೇಸು ಪ್ರಾಣ ಕೊಟ್ಟು ಬಿಡಿಸಿದ ನೆಂಟ. ಕನ್ನಡ ಬೈಬಲಿನಲ್ಲಿ ಇದಕ್ಕೆ 'ಈಡು' ಎಂಬ ಹಳೆಯ ಮಾತನ್ನು ಬಳಸಿದ್ದಾರೆ.

ಹಾಗಾದರೆ ಬೆಲೆ ಸಂದದ್ದು ಯಾರಿಗೆ? ಕ್ರೈಸ್ತ ಪಂಡಿತರೇ ಇದರ ಮೇಲೆ ಶತಮಾನಗಟ್ಟಲೆ ವಾದ ಮಾಡಿದ್ದಾರೆ. ಸೈತಾನನಿಗೆ ಎಂದರು ಕೆಲವರು. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್, ದೇವರ ಗೌರವಕ್ಕೆ ಬಂದ ಬಾಕಿ ತೀರಿತು ಎಂದ. ನಮ್ಮ ಕಲ್ಯಾಣದಲ್ಲಿ ಬಸವಣ್ಣನವರು ಇದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ ಫ್ರಾನ್ಸಿನ ಅಬೆಲಾರ್ಡ್, ಆ ಸಾವಿನಲ್ಲಿ ಕಂಡ ಪ್ರೀತಿಯೇ ಮನುಷ್ಯನ ಮನಸ್ಸನ್ನು ತಿರುಗಿಸುತ್ತದೆ ಎಂದ. ನನಗೆ ಅಬೆಲಾರ್ಡನ ಮಾತು ಹೆಚ್ಚು ಹಿಡಿಸಿತು. ಒಪ್ಪದವರೂ ಬಹಳ ಮಂದಿ ಇದ್ದಾರೆ.

ಮೆಥೋಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ (1703–1791) ಈ ಎರಡೂ ಮಾತುಗಳನ್ನು ಒಂದಕ್ಕೊಂದು ಗಂಟು ಹಾಕಿದವನು. ಬಿಡುಗಡೆ ಮೊದಲು, ಪರಿಶುದ್ಧತೆ ಆಮೇಲೆ. ಅದು ಜೀವಮಾನವಿಡೀ ಬೆಳೆಯಬೇಕಾದದ್ದು ಎಂದು ಅವನ ಬೋಧನೆ. ಒಬ್ಬಂಟಿಯಾಗಿ ಕುಳಿತು ಪರಿಶುದ್ಧನಾಗಲು ಬರುವುದಿಲ್ಲವೆಂದು ಸುಮಾರು ಹನ್ನೆರಡು ಜನರ ಚಿಕ್ಕ ಗುಂಪುಗಳನ್ನು ಕಟ್ಟಿದ. 1774ರಲ್ಲಿ ಗುಲಾಮರ ವ್ಯಾಪಾರದ ವಿರುದ್ಧ ಪುಸ್ತಿಕೆ ಬರೆದ.

ಆದರೆ ನಮ್ಮಲ್ಲಿ ಆದದ್ದೇನು? ಜೀತವನ್ನು ರದ್ದುಗೊಳಿಸುವ ಕಾಯ್ದೆ ಬರಲು 1976 ಆಗಬೇಕಾಯಿತು. ಚರ್ಚಿನೊಳಗೂ ಜಾತಿ ಪೂರ್ತಿ ಕರಗಲಿಲ್ಲವೆಂದು ಕ್ರೈಸ್ತರೇ ಬರೆದುಕೊಂಡಿದ್ದಾರೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಅದು ದೊರೆಯಿತು. ಆತ್ಮಕ್ಕೆ ಬಿಡುಗಡೆ ಎಂದು ನಂಬಿದವರ ಮಕ್ಕಳು ಪ್ರಮಾಣಪತ್ರಕ್ಕಾಗಿ ತಹಸೀಲ್ ಕಚೇರಿಯ ಮುಂದೆ ನಿಂತಾಗ ಏನು ಬರೆಸಬೇಕೆಂದು ತೋಚದೆ ಒದ್ದಾಡುವುದನ್ನು ಮೇಷ್ಟ್ರಾದ ನಾನು ಕಂಡಿದ್ದೇನೆ.

ರಜೆ ಮುಗಿದು ಶಾಲೆ ತೆರೆದ ಮೇಲೆ ಆ ಹುಡುಗನನ್ನು ಕರೆದೆ. ಈಗ ಅವನು ಹತ್ತನೆಯ ತರಗತಿ. ಹೀಬ್ರೂ ಪದಗಳನ್ನೆಲ್ಲ ಬದಿಗಿಟ್ಟು ನಮ್ಮ ಮನೆಯ ಕತೆ ಹೇಳಿದೆ. 1994ರಲ್ಲಿ ನನ್ನ ಬಿ.ಎಡ್. ಫೀಸಿಗೆಂದು ಅವ್ವ ತನ್ನ ಬಂಗಾರದ ಸರ ಗಿರವಿ ಇಟ್ಟಳು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ನನಗೆ ನೌಕರಿ ಸಿಗಲಿಲ್ಲ. ಎರಡು ವರ್ಷದಲ್ಲಿ ಬಡ್ಡಿ ಏರಿ, ಸರ ಮುಳುಗುವುದಕ್ಕೆ ಬಂತು. ಹುಮನಾಬಾದ ಕಡೆಯ ಹಳ್ಳಿಯಿಂದ ಸೋದರಮಾವ ಬಂದ. ಒಂದೇ ಜೋಡಿ ಎತ್ತು ಇದ್ದ ಒಕ್ಕಲಿಗ ಆತ. ಒಂದು ಎತ್ತು ಮಾರಿ, ಸರ ಬಿಡಿಸಿ, ಅವ್ವನ ಕೈಯಲ್ಲಿಟ್ಟು, ಊಟಕ್ಕೂ ನಿಲ್ಲದೆ ಹೋದ. ಆ ವರ್ಷ ಬೇರೆಯವರ ಎತ್ತು ಎರವಲು ತಂದು ಬಿತ್ತಿದ.

"ವಿಮೋಚನೆ ಅಂದ್ರ ಹಿಂಗಪ್ಪ, ಅವರು ಹೇಳೋದು," ಎಂದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನೌಕರಿ ಬಂದ ಮ್ಯಾಲ ಮಾವಗ ಎತ್ತು ಕೊಡಿಸಿದ್ರೇನ್ರಿ ಸರ್?" ಎಂದು ಕೇಳಿದ.

ಮೊದಲ ಪಗಾರ ಬಂದಾಗ ಹಣ ತೆಗೆದುಕೊಂಡು ಹೋಗಿದ್ದೆ. ಮಾವ ಮುಟ್ಟಲಿಲ್ಲ. ಹೊಲದ ಬದುವಿನ ಮೇಲೆ ಕೂಡಿಸಿಕೊಂಡು, ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮುರಿದು ನನ್ನ ಕೈಗೆ ಕೊಟ್ಟ.