ವೈಟ್ ಸಿಕ್ಕರೆ ಸಾಕು, ಅಟ್ಯಾಕ್ ತಾನಾಗಿ ಬರುತ್ತದೆಯೇ?

ಭದ್ರಾವತಿಯ ಓಲ್ಡ್ ಟೌನ್‌ನಿಂದ ಶಿವಮೊಗ್ಗದ ಟೂರ್ನಿಗೆ ಬಸ್ ಹತ್ತುವ ಹುಡುಗರಿಗೆ ವೈಟ್ ಸಿಕ್ಕರೆ ಅರ್ಧ ಗೆದ್ದಷ್ಟೇ ಖುಷಿ. ಗ್ರ್ಯಾಂಡ್‌ಮಾಸ್ಟರ್ ಜಿ.ಎ. ಸ್ಟ್ಯಾನಿಯವರನ್ನು ಕೊಟ್ಟ ಜಿಲ್ಲೆಯಿದು, ಹುಮ್ಮಸ್ಸು ಇರಬೇಕಾದ್ದೇ. ಆದರೆ ಮೊದಲ ನಡೆಯ ಲಾಭ ಅವರು ಅಂದುಕೊಂಡಷ್ಟು ದೊಡ್ಡದಲ್ಲ. ದೊಡ್ಡ ಆಟಗಾರರ ಪಂದ್ಯಗಳನ್ನು ಒಟ್ಟು ಹಾಕಿ ನೋಡಿದರೆ ನೂರು ಪಂದ್ಯಗಳಲ್ಲಿ ಬಿಳಿ ಗಳಿಸುವುದು ಸುಮಾರು 54 ಅಂಕ, ಅಷ್ಟೇ.

ರಾಣಿಯನ್ನು ಬೇಗ ಹೊರತಂದು ನಾಲ್ಕೇ ನಡೆಯಲ್ಲಿ ಮೇಟ್ ಮಾಡುವ ಆಸೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎದುರಾಳಿ ಜಿ6 ಆಡಿ, ಕುದುರೆ ಹೊರತಂದರೆ ಮುಗಿಯಿತು. ರಾಣಿ ಓಡುತ್ತಲೇ ಇರಬೇಕು, ಅವನ ಕಾಯಿಗಳು ಪುಕ್ಕಟೆಯಾಗಿ ಬೆಳೆಯುತ್ತವೆ.

ಇದಕ್ಕಿಂತ ಗಟ್ಟಿಯಾದ ನಂಬಿಕೆ ಇನ್ನೊಂದಿದೆ: ಎಫ್7 ಮನೆಯ ಮೇಲೆ ಮುಗಿಬಿದ್ದರೆ ಅಟ್ಯಾಕ್ ನಮ್ಮದೇ. ಇಟಾಲಿಯನ್ ಆಟದಲ್ಲಿ ಬಿಷಪ್ ಸಿ4ರಲ್ಲಿ ಕೂತಿದೆ, ಕರಿ ಎರಡೂ ಕುದುರೆ ಹೊರತಂದಿದೆ. ನಮ್ಮ ಹುಡುಗ ಕುದುರೆಯನ್ನು ಜಿ5ಕ್ಕೆ ಹಾರಿಸುತ್ತಾನೆ. ಕರಿ ಡಿ5 ನೂಕುತ್ತದೆ, ಇವನು ಕಾಲಾಳಿನಿಂದ ಹೊಡೆಯುತ್ತಾನೆ. ಕರಿ ಕುದುರೆಯಿಂದ ತಿರುಗಿ ಹೊಡೆದರೆ ಹಬ್ಬ: ಎಫ್7ರಲ್ಲಿ ಕುದುರೆ ಬಲಿ ಕೊಟ್ಟು, ರಾಣಿಯಿಂದ ಚೆಕ್ ಕೊಟ್ಟು, ರಾಜನನ್ನು ಬೋರ್ಡಿನ ನಡುವಿಗೆ ಎಳೆಯಬಹುದು. ಆದರೆ ಓದಿಕೊಂಡು ಬಂದವನು ಹಾಗೆ ಹೊಡೆಯುವುದೇ ಇಲ್ಲ. ಇನ್ನೊಂದು ಕುದುರೆಯನ್ನು ಎ5ಕ್ಕೆ ಇಟ್ಟು ಬಿಷಪ್ಪನ್ನೇ ಕೆಣಕುತ್ತಾನೆ. ಬಿಷಪ್ ಬಿ5ರಿಂದ ಚೆಕ್ ಕೊಡುತ್ತದೆ, ಸಿ6 ಬರುತ್ತದೆ, ಕಾಲಾಳುಗಳು ಹೊಡೆದಾಡುತ್ತವೆ. ಈಗ ಬಿಷಪ್ ಹಿಂದಕ್ಕೆ, ಎಚ್6 ಬಂತೆಂದರೆ ಕುದುರೆಯೂ ಹಿಂದಕ್ಕೆ. ಬಿಳಿಗೆ ಕೈಯಲ್ಲಿ ಒಂದು ಕಾಲಾಳು ಹೆಚ್ಚು, ನಿಜ. ಆದರೆ ಅಟ್ಯಾಕ್ ಮಾಡುತ್ತಿರುವವನು ಈಗ ಕರಿ! ಕುದುರೆಯ ಜಿಗಿತ ತಪ್ಪೆಂದಲ್ಲ, ಆಡಿ. ಆದರೆ ಆಮೇಲೆ ಡಿಫೆನ್ಸ್ ಮಾಡಲು ತಯಾರಿದ್ದರೆ ಮಾತ್ರ.

ಗ್ಯಾಂಬಿಟ್‌ಗಳ ಕಾಲ ಮುಗಿಯಿತು ಎನ್ನುವ ಹಿರಿಯರೂ ಇದ್ದಾರೆ. 1960ರಲ್ಲಿ ಸ್ಪಾಸ್ಕಿಯ ಕಿಂಗ್ಸ್ ಗ್ಯಾಂಬಿಟ್‌ಗೆ ಸೋತ ಬಾಬಿ ಫಿಶರ್, ಮರುವರ್ಷ ಆ ಓಪನಿಂಗೇ ಸೋಲುತ್ತದೆಂದು ಲೇಖನ ಬರೆದರು. ಆಮೇಲೆ 1963ರ ಅಮೆರಿಕ ಚಾಂಪಿಯನ್‌ಷಿಪ್‌ನಲ್ಲಿ ಅದನ್ನೇ ಆಡಿ ಗೆದ್ದರು, ಮೂರನೇ ನಡೆಯಲ್ಲಿ ಕುದುರೆಯ ಬದಲು ಬಿಷಪ್ ತೆಗೆದು. 1995ರಲ್ಲಿ ರೀಗಾದಲ್ಲಿ ಕಾಸ್ಪರೋವ್, ನಮ್ಮ ಆನಂದ್ ಎದುರು ಹಳೇ ಇವಾನ್ಸ್ ಗ್ಯಾಂಬಿಟ್ ತೆಗೆದು 25 ನಡೆಯಲ್ಲಿ ಮುಗಿಸಿದರು. ಕೊಟ್ಟ ಕಾಲಾಳಿಗೆ ಪ್ರತಿಯಾಗಿ ಸಮಯ ಸಿಗುತ್ತದೆಯೇ ಎಂಬುದೇ ಇಲ್ಲಿ ನೋಡಬೇಕಾದದ್ದು. ಸಿಕ್ಕ ಸಮಯವನ್ನು ಹತ್ತು ನಡೆಯೊಳಗೆ ಬಳಸದಿದ್ದರೆ ಕಾಲಾಳು ಹೋಯಿತು, ಅಷ್ಟೇ.

ಡಿ4 ಸಪ್ಪೆ, ಇ4 ಮಾತ್ರ ಖಾರ ಎಂಬುದೂ ಸುಳ್ಳು. ಇ4ಗೆ ಹೆಸರಾದ ಆನಂದ್ 2008ರಲ್ಲಿ ಬಾನ್‌ನಲ್ಲಿ ಕ್ರಾಮ್ನಿಕ್ ಎದುರು ಡಿ4 ಆಡಿ ಕಕ್ಕಾಬಿಕ್ಕಿ ಮಾಡಿ 6.5–4.5ರಿಂದ ವಿಶ್ವ ಪಟ್ಟ ಉಳಿಸಿಕೊಂಡರು.

ಇನ್ನು ರೆಪರ್ಟರಿ ಕಟ್ಟುವುದು. ಹುಡುಗರು ಇ5ಕ್ಕೆ ಉತ್ತರವಾಗಿ ಐದಾರು ಬಗೆ ಕಲಿತಿರುತ್ತಾರೆ, ಎದುರಾಳಿ ಸಿ5 ಆಡಿದ ಕೂಡಲೇ ತಲೆ ಕೆರೆದುಕೊಳ್ಳುತ್ತಾರೆ. ಸಿಸಿಲಿಯನ್‌ಗೆ ಮೊದಲು ಒಂದು ಆಯುಧ ಇರಲಿ. ಕ್ಲಬ್ ಮಟ್ಟಕ್ಕೆ ಸ್ಮಿತ್–ಮೊರ್ರಾ ಗ್ಯಾಂಬಿಟ್ ಸಾಕೆಂಬುದು ನನ್ನ ಅಭಿಪ್ರಾಯ. ಫ್ರೆಂಚ್, ಕಾರೋ-ಕಾನ್ ಎರಡಕ್ಕೂ ಮೂರನೇ ನಡೆಯಲ್ಲಿ ಇ5 ನೂಕುವ ಅಡ್ವಾನ್ಸ್ ಆಡಿದರೆ ಕಲಿಯುವುದು ಅರ್ಧಕ್ಕಿಳಿಯುತ್ತದೆ. ಕಾರೋ-ಕಾನ್‌ನಲ್ಲಿ ಎಫ್5ಕ್ಕೆ ಬಂದ ಬಿಷಪ್ಪನ್ನು ಎಚ್4, ಜಿ4 ನೂಕಿ ಅಟ್ಟಬಹುದು. ಫ್ರೆಂಚ್‌ನಲ್ಲಿ ಅದೇ ಬಿಷಪ್ ತನ್ನ ಕಾಲಾಳಿನ ಹಿಂದೆಯೇ ಸಿಕ್ಕಿಬಿದ್ದಿರುತ್ತದೆ. ಕರಿ ಸಿ5 ಆಡಿ ಡಿ4ರ ಕಾಲಾಳಿಗೆ ಬಾಯಿ ಹಾಕುವುದು ಖಚಿತ. ಅಲ್ಲಿ ಮೊದಲು ಸಿ3 ಆಡಿ ಅದನ್ನು ಕಾಯಬೇಕು, ರಾಜನ ಕಡೆಗಿನ ದಾಳಿ ಆಮೇಲೆ.